ಇಂಡಿ ರೋಡಿಗೆ ಬಂದ ಗಾಡಿ ಯಾವುದು?



ಕಂಪ್ಯೂಟರಿನ ಮುಂದೆ ಕೂತು ರೈಲು ಓಡಿಸುವ ಆಟಗಳಿವೆ. ಮಕ್ಕಳಿಗೆ ಇದು ಹೊಸದಲ್ಲ, ಹಿರಿಯರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಪರದೆಯ ಮೇಲೆ ಇಂಜಿನ್ನಿನ ಒಳಭಾಗ ಕಾಣುತ್ತದೆ. ಕೀಲಿ ಒತ್ತಿದರೆ ಸೀಟಿ ಕೂಗುತ್ತದೆ, ಗಾಡಿ ಹೊರಡುತ್ತದೆ, ಬ್ರೇಕ್ ಹಿಡಿಯುತ್ತದೆ. 2001ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಟ್ರೇನ್ ಸಿಮ್ಯುಲೇಟರ್ ಎಂಬ ಆಟ ತಂದಾಗ ಅದರೊಳಗಿದ್ದ ದಾರಿಗಳು ಯುರೋಪಿನವು, ಅಮೆರಿಕದವು, ಜಪಾನಿನವು. ನಮ್ಮ ದೇಶದ್ದು ಒಂದೂ ಇರಲಿಲ್ಲ. ಆದರೆ ಹಳಿ, ಊರು, ಇಂಜಿನ್, ಡಬ್ಬಿ ಎಲ್ಲವನ್ನೂ ಆಡುವವರೇ ತಯಾರಿಸಿ ಅದಕ್ಕೆ ಸೇರಿಸಬಹುದಿತ್ತು. ಅಲ್ಲಿಂದ ಶುರುವಾಯಿತು ಒಂದು ಹುಚ್ಚು. ಅದೇ ಸಾಮಗ್ರಿಯನ್ನು ಓಡಿಸುವ ಓಪನ್ ರೈಲ್ಸ್ ಎಂಬುದು ಈಗ ಪುಕ್ಕಟೆ ಸಿಗುತ್ತದೆ. ಆಸ್ಟ್ರೇಲಿಯದಲ್ಲಿ ಹುಟ್ಟಿದ ಟ್ರೇನ್ಜ್ ಇದೆ. ಚೆನ್ನೈನ ಹೈಬ್ರೋ ಇಂಟರ್‌ಯಾಕ್ಟಿವ್ ಸಂಸ್ಥೆಯ ಇಂಡಿಯನ್ ಟ್ರೇನ್ ಸಿಮ್ಯುಲೇಟರ್ ಮೊಬೈಲಿನಲ್ಲೇ ಓಡುತ್ತದೆ.

ಹೀಗಿರುವಾಗ ನಮ್ಮ ಬಿಜಾಪುರ ಭಾಗದ ಒಬ್ಬ ಹುಡುಗ ಅಥವಾ ಹುಡುಗಿ ಹೋಟಗಿಯಿಂದ ಗದಗಿನವರೆಗಿನ ದಾರಿಯನ್ನು ಕಂಪ್ಯೂಟರಿನೊಳಗೆ ಕಟ್ಟಲು ಹೊರಟರು ಎಂದುಕೊಳ್ಳಿ. ಹಳಿ ಹಾಕುವುದು ಈಗ ಕಷ್ಟವಲ್ಲ, ಉಪಗ್ರಹದ ನಕ್ಷೆ ನೋಡಿ ಎಳೆಯಬಹುದು. ಭೀಮೆಯ ಸೇತುವೆ, ನಿಂಬಾಳದ ಬಯಲು, ದೂರದಲ್ಲಿ ಗೋಳಗುಮ್ಮಟದ ತಲೆ, ಆಲಮಟ್ಟಿಯ ಹಿನ್ನೀರು ಇವೆಲ್ಲ ತಾಳ್ಮೆಯ ಕೆಲಸ, ಅಷ್ಟೆ. ಕೈ ನಿಲ್ಲುವುದು ಬೇರೆ ಕಡೆ. ಈ ಹಳಿಯ ಮೇಲೆ ಯಾವ ಇಂಜಿನ್ನಿಗೆ ಯಾವ ಡಬ್ಬಿ ಕಟ್ಟಬೇಕು? ಎಷ್ಟು ಕಟ್ಟಬೇಕು? ಯಾವುದರ ಹಿಂದೆ ಯಾವುದು? ಆಟದೊಳಗೆ ಇದು ಒಂದು ಚಿಕ್ಕ ಪಠ್ಯ ಕಡತ ಮಾತ್ರ. ಮೊದಲು ಇಂಜಿನ್ನಿನ ಹೆಸರು, ಅದರ ಕೆಳಗೆ ಡಬ್ಬಿಗಳ ಹೆಸರು ಸಾಲಾಗಿ. ಬರೆಯಲು ಐದು ನಿಮಿಷ ಸಾಕು. ಬರೆದದ್ದು ನಿಜವೋ ಎಂದು ನೋಡಲು ಹೊರಟರೆ ಬಿಜಾಪುರ ಜಿಲ್ಲೆಯ ನೂರ ನಲವತ್ತು ವರ್ಷಗಳ ಕಥೆಯನ್ನೇ ಬಿಚ್ಚಬೇಕಾಗುತ್ತದೆ.

ಈ ಹುಡುಗರಿಗೆ ನಾನು ಹೇಳುವುದು ಇಷ್ಟೆ. ಇಂಜಿನ್ ಯಾವುದೆಂದು ಕೇಳುವ ಮೊದಲು ಇಸವಿ ಯಾವುದೆಂದು ಕೇಳಿಕೊಳ್ಳಿ. "ಹಳೇ ಕಾಲದ ರೈಲು" ಎಂಬುದೊಂದು ಎಂದೂ ಇರಲಿಲ್ಲ. 1890ರ ರೈಲು ಇತ್ತು, 1938ರದು ಇತ್ತು, 1973ರದು ಇತ್ತು. ಇವು ಒಂದಕ್ಕೊಂದು ಕೂಡುವುದಿಲ್ಲ.

ನಮ್ಮ ದಾರಿಯನ್ನೇ ನೋಡಿ. 1876ರಿಂದ 78ರವರೆಗಿನ ಬರ ಈ ಸೀಮೆಯನ್ನು ಬಡಿದು ಹಾಕಿತ್ತು. ಕಾಳು ಇದ್ದಲ್ಲಿಂದ ಇಲ್ಲದಲ್ಲಿಗೆ ತರಲು ದಾರಿಯೇ ಇರಲಿಲ್ಲ. ಆ ನೆನಪು ಹಸಿಯಾಗಿದ್ದಾಗಲೇ, ಬರ ತಡೆಯುವ ದಾರಿಗಳ ಲೆಕ್ಕದಲ್ಲಿ, ಹೋಟಗಿ–ಗದಗ ಹಳಿ ಬಂತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ 1884ರ ಸುಮಾರಿಗೆ ಇಲ್ಲಿ ಗಾಡಿ ಓಡಿಸಿತು. ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತ್ಯದ ಗ್ಯಾಝೆಟಿಯರ್‌ನ ಬಿಜಾಪುರ ಸಂಪುಟ ಅಚ್ಚಾದದ್ದೂ 1884ರಲ್ಲೇ. ಹಳಿ ಬರುವ ಮುನ್ನ ಈ ಜಿಲ್ಲೆಯ ಸಂತೆ, ಬೆಳೆ, ದಾರಿ ಹೇಗಿದ್ದವು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ. ಖರ್ಚು ಕಡಿಮೆಯಾಗಲೆಂದು ಹಾಕಿದ್ದು ಮೀಟರ್‌ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್. ಹೋಟಗಿಯಲ್ಲಿ ಅದು ಕೂಡಿಕೊಂಡದ್ದು ಮುಂಬಯಿ–ರಾಯಚೂರು ಮುಖ್ಯ ರೈಲುದಾರಿಯನ್ನು, ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಬ್ರಾಡ್‌ಗೇಜನ್ನು. ಅದರ ಅಳತೆ 1,676 ಮಿಲಿಮೀಟರ್.

ಈ ಅಳತೆಯ ವ್ಯತ್ಯಾಸದಿಂದ ಜನರಿಗೆ ಬಹಳ ತ್ರಾಸಾಯಿತು. ಹೋಟಗಿಯಲ್ಲಿ ಪ್ರತಿ ಹತ್ತಿಯ ಅಂಡಿಗೆಯನ್ನೂ ಪ್ರತಿ ಜೋಳದ ಚೀಲವನ್ನೂ ಹಮಾಲರು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗಿತ್ತು. ಆದರೆ ನಮ್ಮ ಸಂಶೋಧಕ ಹುಡುಗನಿಗೆ ಅದೇ ದೊಡ್ಡ ಉಪಕಾರ. ಮುಂಬಯಿ ಮೇಲ್‌ನ ಡಬ್ಬಿ ಈ ದಾರಿಯ ಇಂಡಿ ರೋಡ್ ಸ್ಟೇಷನ್ನಿಗೆ ಬಂದಿರುವುದು ಸಾಧ್ಯವೇ ಇಲ್ಲ, ಅದರ ಚಕ್ರ ಈ ಹಳಿಗೆ ಕೂರುವುದಿಲ್ಲ. ದಕ್ಷಿಣದ ಕಡೆ ಮಾತ್ರ ಬಾಗಿಲು ತೆರೆದಿತ್ತು. ಗದಗ ದಾಟಿದರೆ ಹುಬ್ಬಳ್ಳಿ, ಲೋಂಡಾ, ಮಾರ್ಮುಗೋವಾ, ಇತ್ತ ಬಳ್ಳಾರಿ, ಗುಂತಕಲ್, ಅತ್ತ ಹರಿಹರದ ಮೇಲೆ ಬೆಂಗಳೂರು, ಎಲ್ಲವೂ ಆಗ ಮೀಟರ್‌ಗೇಜ್. ಹಾಗಾಗಿ ಅನುಮಾನ ಪಡಬೇಕಾದ ಪಟ್ಟಿ ಅರ್ಧಕ್ಕೆ ಇಳಿಯಿತು. ಇಂಗ್ಲೆಂಡಿನ ದಾರಿ ಕಟ್ಟುವವರಿಗೂ ಇಷ್ಟು ಸುಲಭದ ಜರಡಿ ಸಿಕ್ಕುವುದಿಲ್ಲ.

ಇಲ್ಲಿ ಕೊಂಚ ಅಡ್ಡದಾರಿ ಹಿಡಿಯುತ್ತೇನೆ, ಬೇಸರ ಮಾಡಬೇಡಿ. ಇಂಡಿ ತಾಲ್ಲೂಕಿನ ಒಬ್ಬ ವಾರಕರಿ ನೂರು ವರ್ಷದ ಹಿಂದೆ ರೈಲಿನಲ್ಲಿ ಪಂಢರಪುರಕ್ಕೆ ಹೊರಟರೆ ಏನಾಗುತ್ತಿತ್ತು? ಇಂಡಿ ರೋಡಿನಲ್ಲಿ ಮೀಟರ್‌ಗೇಜ್ ಗಾಡಿ ಹತ್ತಬೇಕು. ಹೋಟಗಿಯಲ್ಲಿ ಇಳಿದು ಬ್ರಾಡ್‌ಗೇಜ್ ಗಾಡಿ ಹಿಡಿದು ಸೊಲ್ಲಾಪುರ ದಾಟಿ ಕುರ್ಡುವಾಡಿಗೆ ಹೋಗಬೇಕು. ಅಲ್ಲಿ ಮತ್ತೆ ಇಳಿದು ಬಾರ್ಶಿ ಲೈಟ್ ರೈಲ್ವೆಯ ಎರಡೂವರೆ ಅಡಿ ಅಗಲದ ಚಿಕ್ಕ ಹಳಿಯ ಗಾಡಿ ಏರಬೇಕು. 1906ರಲ್ಲಿ ಅದು ಪಂಢರಪುರ ಮುಟ್ಟಿತ್ತು. ಒಂದೇ ಯಾತ್ರೆಗೆ ಮೂರು ಅಳತೆಯ ಹಳಿ, ಮೂರು ಕಂಪನಿ, ಮೂರು ನಮೂನೆಯ ಡಬ್ಬಿ! ಇಡೀ ಜಗತ್ತಿನ ರೈಲು ಆಟಗಳಲ್ಲಿ ಇಷ್ಟು ಸ್ವಾರಸ್ಯದ ಪ್ರಯಾಣ ಇನ್ನೊಂದಿದೆಯೇ ಎಂದು ನನಗೆ ಅನುಮಾನ. ಇವತ್ತು ಮೈಸೂರಿನಿಂದ ಹೊರಟು ವಿಜಯಪುರದ ಮೇಲೆ ಹಾಯುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಸೊಲ್ಲಾಪುರದಲ್ಲೇ ಕೊನೆಗೊಳ್ಳದೆ ಮುಂದೆ ಪಂಢರಪುರದವರೆಗೂ ಹೋಗುತ್ತದೆ. ವಾರಕರಿಗೆ ಅನುಕೂಲ, ಆಟಕ್ಕೆ ನಷ್ಟ.

ದಾರಿಗೆ ಬರೋಣ. ಇಸವಿ ಗೊತ್ತಾದ ಕೂಡಲೇ ಮಾಲೀಕನ ಹೆಸರು ಗೊತ್ತಾಗುತ್ತದೆ. 1907ರ ಕೊನೆಯವರೆಗೆ ಸದರ್ನ್ ಮರಾಠಾ. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು. ನಮ್ಮ ಹಿರಿಯರು ಎಂ.ಎಸ್.ಎಂ. ಎನ್ನುತ್ತಿದ್ದದ್ದು ಇದನ್ನೇ. 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ, 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ, 2003ರ ಏಪ್ರಿಲ್‌ನಿಂದ ಹುಬ್ಬಳ್ಳಿಯಲ್ಲೇ ಕಚೇರಿ ಇರುವ ನೈಋತ್ಯ ರೈಲ್ವೆ. ಇಂಜಿನ್ನಿನ ಹಿಂದಿನ ಕಲ್ಲಿದ್ದಲು ಟೆಂಡರಿನ ಮೇಲೆ, ಡಬ್ಬಿಯ ಮೈಮೇಲೆ ಬರೆಯುವ ಅಕ್ಷರ ಇದರ ಪ್ರಕಾರ ಬದಲಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ದೇಶದ ಎಲ್ಲ ಇಂಜಿನ್ನುಗಳಿಗೂ ಒಂದೇ ಸಾಲಿನ ಸಂಖ್ಯೆ ಕೊಟ್ಟದ್ದು 1957ರ ಹೊತ್ತಿಗೆ. ಅದಕ್ಕೆ ಮುಂಚಿನ ದೃಶ್ಯದಲ್ಲಿ ಆಮೇಲಿನ ಸಂಖ್ಯೆ ಬರೆದರೆ ಬಲ್ಲವರು ಕೂಡಲೇ ಹಿಡಿಯುತ್ತಾರೆ.

ಈಗ ಇಂಜಿನ್. ರೈಲ್ವೆಯವರ ಲೆಕ್ಕದಲ್ಲಿ ಮೀಟರ್‌ಗೇಜಿನ ಗುರುತು ವೈ ಅಕ್ಷರ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಗೊತ್ತುಮಾಡಿದ ನಮೂನೆಗಳಲ್ಲಿ ಪ್ರಯಾಣಿಕರ ಗಾಡಿಗೆ ವೈಬಿ, ಭಾರದ ಗಾಡಿಗೆ ವೈಡಿ ಇದ್ದವು. ಯುದ್ಧದ ನಂತರ ಬಂದವು ವೈಪಿ, ವೈಜಿ, ಹಗುರ ಕೆಲಸಕ್ಕೆ ವೈಎಲ್. ವೈಪಿಯ ಮೊದಲ ನಮೂನೆಗಳನ್ನು ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆ ಮಾಡಿತು. ಆಮೇಲೆ ಜಮ್‌ಷೆಡ್‌ಪುರದ ಟೆಲ್ಕೋ 1970ರವರೆಗೂ ಮಾಡುತ್ತ ಹೋಯಿತು. ಒಟ್ಟು 871 ವೈಪಿ ಇಂಜಿನ್ನುಗಳು ಹುಟ್ಟಿದವು, ವೈಜಿ ಸಾವಿರಕ್ಕೂ ಮೇಲೆ. ಇವುಗಳಿಗಿಂತ ಎಷ್ಟೋ ಮುಂಚೆ, ಹತ್ತೊಂಬತ್ತನೆಯ ಶತಮಾನದಲ್ಲಿ, ದೇಶದ ಬಹಳಷ್ಟು ಮೀಟರ್‌ಗೇಜ್ ಕಂಪನಿಗಳು ನೆಚ್ಚಿಕೊಂಡದ್ದು ಆರು ಚಕ್ರದ ಚಿಕ್ಕ ಎಫ್ ವರ್ಗದ ಇಂಜಿನ್ನುಗಳನ್ನು. 1895ರಲ್ಲಿ ಅಜ್ಮೇರ್‌ನಲ್ಲಿ ಕಟ್ಟಿದ ಅಂಥದೊಂದು ದಿಲ್ಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಆದ್ದರಿಂದ 1890ರ ಬಿಜಾಪುರಕ್ಕೆ ವೈಪಿ ಇಂಜಿನ್ ತಂದು ನಿಲ್ಲಿಸುವುದೆಂದರೆ ಪುಲಿಕೇಶಿಯ ಕೈಗೆ ಬಂದೂಕು ಕೊಟ್ಟಂತೆ.

ಹಳಬರನ್ನು ಕೇಳಿ ತಿಳಿಯಬಹುದಲ್ಲ ಎನ್ನುತ್ತೀರಿ. ಕೇಳಲೇಬೇಕು, ಆದರೆ ಕೇಳುವ ಬಗೆ ಬೇರೆ. "ಅಜ್ಜಾರ, ಆವಾಗ ಇಂಜಿನ್ ಯಾವದ ಇತ್ರಿ?" ಅಂತ ಕೇಳಿದರೆ, "ಕರೀ ಇಂಜಿನ್ ಇತ್ತಪಾ, ಹೊಗಿ ಬಿಡತಿತ್ತು" ಎಂಬ ಉತ್ತರ ಬರುತ್ತದೆ. ತಪ್ಪಿಲ್ಲ, ಆದರೆ ಕೆಲಸಕ್ಕೆ ಬಾರದು. ಅದರ ಬದಲು, "ದೊಡ್ಡ ಗಾಲಿ ಒಂದ ಮಗ್ಗಲಿಗೆ ಎಷ್ಟ ಇದ್ವರಿ, ಮೂರೋ ನಾಕೋ?" ಎಂದು ಕೇಳಿ ನೋಡಿ. ಹುಡುಗರಾಗಿದ್ದಾಗ ಹಳಿಯ ಬದಿಗೆ ದನ ಕಾಯುತ್ತ ಕೂತವರ ಕಣ್ಣಿನಲ್ಲಿ ಅದು ಉಳಿದಿರುತ್ತದೆ. ಮೂರು ಎಂದರೆ ವೈಪಿಯೋ ಹಳೆಯ ವೈಬಿಯೋ ಇರಬಹುದು, ನಾಲ್ಕು ಎಂದರೆ ವೈಜಿಯೋ ವೈಡಿಯೋ. ಚಕ್ರದ ಎತ್ತರವೂ ಸುಳಿವು ಕೊಡುತ್ತದೆ. ವೈಪಿಯದು ನಾಲ್ಕೂವರೆ ಅಡಿ, ವೈಜಿಯದು ನಾಲ್ಕು ಅಡಿ. ಜಿ ಅಂದರೆ ಗೂಡ್ಸ್, ಆದ್ದರಿಂದ ಪ್ಯಾಸೆಂಜರ್ ಗಾಡಿಗೆ ವೈಜಿ ಕಟ್ಟುತ್ತಿರಲಿಲ್ಲ ಎಂದುಕೊಳ್ಳಬೇಡಿ. ಶೆಡ್ಡಿನಲ್ಲಿ ಯಾವುದು ಬೆಂಕಿ ಹತ್ತಿ ನಿಂತಿರುತ್ತದೋ ಅದು ಹೊರಡುತ್ತದೆ. ಪುಸ್ತಕದ ನಿಯಮ ಬೇರೆ, ಫೋರ್‌ಮನ್ನನ ಅವಸರ ಬೇರೆ.

ಅದೇ ರೀತಿ, "ಎಷ್ಟನೇ ಇಸವಿ?" ಎಂದು ನೇರ ಕೇಳಿದರೂ ಪ್ರಯೋಜನವಿಲ್ಲ. ಲಗ್ನಕ್ಕೆ ಮುಂಚೆಯೋ ಆಮೇಲೋ, ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಮೇಲೋ, 72ರ ಬರದ ವರ್ಷವೋ ಎಂದು ಕೇಳಬೇಕು. ಅಡಿಗಲ್ಲು ಬಿದ್ದದ್ದು 1964ರ ಮೇ 22. ನಮ್ಮ ಭಾಗದ ಮಂದಿಗೆ ಕ್ಯಾಲೆಂಡರಿಗಿಂತ ಬರ ಚೆನ್ನಾಗಿ ನೆನಪಿರುತ್ತದೆ.

ಇನ್ನು ಕಾಗದ. ಹಳೆಯ ವೇಳಾಪಟ್ಟಿಯಷ್ಟು ಮಾತಾಡುವ ಕಾಗದ ಇನ್ನೊಂದಿಲ್ಲ. ಕಲ್ಕತ್ತೆಯಿಂದ ಬರುತ್ತಿದ್ದ ನ್ಯೂಮನ್ನನ ಇಂಡಿಯನ್ ಬ್ರಾಡ್‌ಷಾ, ಆಮೇಲೆ ಆಯಾ ವಲಯದ ರೈಲ್ವೆಯೇ ಅಚ್ಚು ಹಾಕಿಸಿದ ಪುಸ್ತಕಗಳು, ಇವು ರದ್ದಿ ಅಂಗಡಿಯಲ್ಲೂ ಸಿಗುತ್ತವೆ. ಎಲ್ಲರೂ ಅವುಗಳಲ್ಲಿ ಹೊತ್ತು ನೋಡುತ್ತಾರೆ. ನೀವು ಅಂಕಣದ ತಲೆಯನ್ನು ನೋಡಿ. ಅದು ಮೇಲ್ ಗಾಡಿಯೋ, ಪ್ಯಾಸೆಂಜರೋ, ಮಿಕ್ಸೆಡ್ಡೋ ಎಂದು ಅಲ್ಲಿರುತ್ತದೆ. ಯಾವ ಯಾವ ತರಗತಿ ಇದೆ ಎಂಬುದೂ ಇರುತ್ತದೆ. ಮೊದಲ ತರಗತಿ ಇದೆ ಎಂದು ಬರೆದಿದ್ದರೆ ಗಾಡಿಯಲ್ಲಿ ಅದಕ್ಕೊಂದು ಡಬ್ಬಿ ಇರಲೇಬೇಕು, ಕಡೇಪಕ್ಷ ಅರ್ಧ ಮೊದಲ ತರಗತಿ, ಅರ್ಧ ಕೆಳಗಿನ ತರಗತಿಯ ಜೋಡಿ ಡಬ್ಬಿಯಾದರೂ ಇರಬೇಕು. ಮಿಕ್ಸೆಡ್ ಎಂದಿದ್ದರೆ ಸಾಮಾನಿನ ವ್ಯಾಗನ್ನುಗಳೂ ಜನರ ಡಬ್ಬಿಗಳೂ ಒಂದೇ ಇಂಜಿನ್ನಿನ ಹಿಂದೆ. ಅಂಥ ಗಾಡಿ ಒಂದು ಸ್ಟೇಷನ್ನಿನಲ್ಲಿ ಅರ್ಧ ತಾಸು ನಿಂತರೆ ಆಶ್ಚರ್ಯವಿಲ್ಲ. ವ್ಯಾಗನ್ ಬಿಡುವುದು, ವ್ಯಾಗನ್ ಕಟ್ಟಿಕೊಳ್ಳುವುದು, ನೀರು ಕುಡಿಯುವುದು, ಎದುರು ಗಾಡಿಗೆ ದಾರಿ ಬಿಡುವುದು ಇಷ್ಟೆಲ್ಲ ಆಗಬೇಕಲ್ಲ. ಆಗ ಇದು ಒಂಟಿ ಹಳಿಯ ದಾರಿ. ಎದುರುಬದುರು ಗಾಡಿಗಳು ಸ್ಟೇಷನ್ನಿನ ಲೂಪ್ ಹಳಿಯಲ್ಲಿ ಮಾತ್ರ ದಾಟಿಕೊಳ್ಳಬೇಕು. ಆ ಲೂಪಿಗಿಂತ ಉದ್ದದ ಗಾಡಿ ಕಟ್ಟಿದರೆ ಸ್ಟೇಷನ್ ಮಾಸ್ತರನಿಗೆ ತಲೆನೋವು. ಹೀಗೆ ಡಬ್ಬಿಗಳ ಗರಿಷ್ಠ ಸಂಖ್ಯೆಯೂ ಕಾಗದದಲ್ಲಿ ಬರೆಯದೆಯೇ ಸಿಕ್ಕಿಬಿಡುತ್ತದೆ.

ತರಗತಿಯ ಮಾತು ಬಂದದ್ದರಿಂದ ಇನ್ನೊಂದು ಹೇಳಬೇಕು. ಮೂರನೆಯ ತರಗತಿಯನ್ನು ತೆಗೆದುಹಾಕಿದ್ದು 1974ರಲ್ಲಿ. ಬಾಗಿಲಿನ ಮೇಲೆ ಮೂರು ಗೆರೆ ಇದ್ದ ಫೋಟೋ ಸಿಕ್ಕರೆ ಅದು ಅದಕ್ಕೂ ಹಿಂದಿನದು ಎಂದು ಲೆಕ್ಕ ಹಾಕಬಹುದು. ತೆಗೆದುಹಾಕಿದ್ದೆಂದರೆ ಏನು? ಬಹುಪಾಲು ಹಳೇ ಡಬ್ಬಿಗಳ ಮೂರು ಗೆರೆ ಎರಡಾಯಿತು, ಒಳಗಿನ ಕಟ್ಟಿಗೆಯ ಬೆಂಚು ಹಾಗೇ ಉಳಿಯಿತು. ಸೊಲ್ಲಾಪುರದ ಗಿರಣಿಗಳಿಗೆ ದುಡಿಯಲು ಹೊರಟವರು, ಬರದ ವರ್ಷ ಗುಳೆ ಹೊರಟವರು, ಎಲ್ಲರೂ ಕೂತದ್ದು ಅದೇ ಬೆಂಚಿನ ಮೇಲೆ. ಆಟದೊಳಗೆ ನಾಲ್ಕು ಮೊದಲ ತರಗತಿಯ ಡಬ್ಬಿ, ಒಂದು ಊಟದ ಡಬ್ಬಿ ಕಟ್ಟಿ "ಬಿಜಾಪುರ ಪ್ಯಾಸೆಂಜರ್ 1968" ಎಂದು ಹೆಸರಿಟ್ಟರೆ ನನಗೆ ಸಿಟ್ಟು ಬರುವುದು ತಾಂತ್ರಿಕ ತಪ್ಪಿಗಾಗಿ ಅಲ್ಲ. ಆ ಗಾಡಿಯಲ್ಲಿ ಹೋದ ಜನರನ್ನೇ ಅದು ಅಳಿಸಿಹಾಕುತ್ತದೆ. ಡಬ್ಬಿಗಳ ಸಾಲು ಎಂದರೆ ಆ ಊರಿನಲ್ಲಿ ಹಣವಿದ್ದವರೆಷ್ಟು, ಇಲ್ಲದವರೆಷ್ಟು ಎಂಬ ಲೆಕ್ಕದ ಸಾಲು.

ಕಾಗದ ಸುಳ್ಳಾಗಬಹುದು, ನೆನಪು ಕಲಸಿಹೋಗಬಹುದು. ಆಗ ಕೈ ಹಿಡಿಯುವುದು ಕಬ್ಬಿಣ. ಮೀಟರ್‌ಗೇಜ್ ಡಬ್ಬಿಗಳನ್ನು ಒಂದಕ್ಕೊಂದು ಕೂಡಿಸುವ ಕೊಂಡಿಯೂ ಗುದ್ದು ತಡೆಯುವ ಬಫರೂ ನಡುಮಧ್ಯದಲ್ಲಿ ಒಂದೇ. ಹಳೆಯ ಬ್ರಾಡ್‌ಗೇಜ್ ಡಬ್ಬಿಗೆ ನಡುವೆ ತಿರುಪಿನ ಕೊಂಡಿ, ಎಡಬಲಕ್ಕೆ ಎರಡು ಬಫರ್. ಪರದೆಯ ಮೇಲೆ ಮೀಟರ್‌ಗೇಜ್ ಇಂಜಿನ್ನಿನ ಹಿಂದೆ ಜೋಡಿ ಬಫರಿನ ಡಬ್ಬಿ ಕಂಡರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬ್ರೇಕು. ಉಗಿ ಇಂಜಿನ್ನಿನ ಕಾಲದಲ್ಲಿ ನಮ್ಮ ಗಾಡಿಗಳಿಗೆ ಇದ್ದದ್ದು ವ್ಯಾಕ್ಯೂಮ್ ಬ್ರೇಕ್, ಕೊಳವೆಯೊಳಗಿನ ಗಾಳಿಯನ್ನು ಇಂಜಿನ್ ಹೀರಿಕೊಂಡಾಗ ಚಕ್ರ ಬಿಡುಗಡೆಯಾಗುವ ವ್ಯವಸ್ಥೆ. ಆಮೇಲೆ ಬಂದದ್ದು ಒತ್ತಿದ ಗಾಳಿಯ ಏರ್ ಬ್ರೇಕ್. ಎರಡೂ ಒಂದಕ್ಕೊಂದು ತದ್ವಿರುದ್ಧ. ವ್ಯಾಕ್ಯೂಮ್ ಮಾತ್ರ ಬಲ್ಲ ಇಂಜಿನ್ನಿಗೆ ಏರ್ ಬ್ರೇಕಿನ ಡಬ್ಬಿ ಕಟ್ಟಿದರೆ ಆ ಡಬ್ಬಿಗಳ ಬ್ರೇಕನ್ನು ಇಂಜಿನ್ನಿನಿಂದ ನಡೆಸುವ ದಾರಿಯೇ ಇಲ್ಲ. ತೊಂಬತ್ತರ ದಶಕದಲ್ಲಿ ನೀಲಿ ಬಣ್ಣ ಬಳಿದುಕೊಂಡು ಬಂದ ಡಬ್ಬಿಗಳು ಸಾಮಾನ್ಯವಾಗಿ ಏರ್ ಬ್ರೇಕಿನವು. ಅದಕ್ಕೆ ಹಿಂದೆ ಕಂಡದ್ದು ಇಟ್ಟಿಗೆಗೆಂಪು. ನಮ್ಮ ಸಿನಿಮಾದವರಿಗೆ ಈ ಮಾತು ಇನ್ನೂ ತಲುಪಿಲ್ಲ. ಸ್ವಾತಂತ್ರ್ಯ ಚಳವಳಿಯ ನಾಯಕ ಖಾದಿ ಟೊಪ್ಪಿಗೆ ಹಾಕಿಕೊಂಡು ನೀಲಿ ಡಬ್ಬಿಯಿಂದ ಇಳಿಯುತ್ತಾನೆ, ಹಿಂದೆ ಪಿಟೀಲು ಬಾರಿಸುತ್ತಾರೆ.

ಉಗಿ ಮತ್ತು ಡೀಸೆಲ್ ನಡುವೆ ಒಂದು ದಿನ ಪರದೆ ಬಿದ್ದು ಇನ್ನೊಂದು ಎದ್ದಿತು ಎಂದೂ ತಿಳಿಯಬೇಡಿ. ವೈಡಿಎಂ-4 ಎಂಬ ಮೀಟರ್‌ಗೇಜ್ ಡೀಸೆಲ್ ಇಂಜಿನ್ ಅರವತ್ತರ ದಶಕದ ಮೊದಲಿಗೆ ಅಮೆರಿಕದ ಆಲ್ಕೋ ಕಾರ್ಖಾನೆಯಿಂದ ದೇಶಕ್ಕೆ ಬಂತು. 1968ರಿಂದ ವಾರಾಣಸಿಯಲ್ಲೂ ಅದನ್ನು ಕಟ್ಟಿದರು. ಅದರ ಶಕ್ತಿ ಸುಮಾರು 1,400 ಅಶ್ವಶಕ್ತಿ. ಅಲ್ಲಿಂದ ಮೂರು ದಶಕಗಳ ಕಾಲ ದೇಶದ ಮೀಟರ್‌ಗೇಜ್ ದಾರಿಗಳಲ್ಲಿ ಹೊಗೆಯ ಇಂಜಿನ್ನೂ ಎಣ್ಣೆಯ ಇಂಜಿನ್ನೂ ಜೊತೆಜೊತೆಗೇ ದುಡಿದವು. ಆಟ ಕಟ್ಟುವವನಿಗೆ ಈ ಅವಧಿಯಷ್ಟು ರುಚಿ ಬೇರೆ ಯಾವುದಕ್ಕೂ ಇಲ್ಲ. ಒಂದೇ ಇಟ್ಟಿಗೆಗೆಂಪು ಡಬ್ಬಿಗಳ ಸಾಲಿಗೆ ಬೆಳಿಗ್ಗೆ ವೈಪಿ, ಸಂಜೆ ವೈಡಿಎಂ-4 ಕಟ್ಟಿದರೂ ಯಾರೂ ತಪ್ಪೆನ್ನಲಾರರು.

ಪುಸ್ತಕ ಬೇಕೆಂದರೆ ಹ್ಯೂ ಹ್ಯೂಸ್ ಎಂಬ ಇಂಗ್ಲಿಷ್ ಲೇಖಕರು ಭಾರತದ ಇಂಜಿನ್ನುಗಳ ಬಗ್ಗೆ ನಾಲ್ಕು ಭಾಗಗಳಲ್ಲಿ ಬರೆದದ್ದು ಇದೆ. ಎರಡನೆಯ ಭಾಗ ಪೂರ್ತಿ ಮೀಟರ್‌ಗೇಜಿನದು, 1872ರಿಂದ 1940ರವರೆಗೆ. ಯಾವ ಕಂಪನಿ ಯಾವ ವರ್ಷ ಯಾವ ಕಾರ್ಖಾನೆಯಿಂದ ಎಷ್ಟು ಇಂಜಿನ್ ತರಿಸಿತು ಎಂಬ ಪಟ್ಟಿಯ ಮೇಲೆ ಪಟ್ಟಿ. ಓದಲು ಒಣ, ನೋಡಲು ನಿಧಿ. ಡಬ್ಬಿಗಳ ಬಗ್ಗೆ ಅಂಥದೊಂದನ್ನು ನಾನು ಕಂಡಿಲ್ಲ. ಇಂಜಿನ್ನಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು ಸಾವಿರ ಜನ, ಎಂಟನೆಯ ಡಬ್ಬಿಯ ಫೋಟೋ ತೆಗೆದವರು ಯಾರು? ಹಾಗಾಗಿ ಡಬ್ಬಿಗಳನ್ನು ಬೇರೆ ಚಿತ್ರಗಳ ಅಂಚಿನಲ್ಲಿ ಹುಡುಕಬೇಕು. ಮದುವೆ ದಿಬ್ಬಣದ ಹಿಂದೆ, ವರ್ಗವಾದ ಮಾಸ್ತರನ್ನು ಕಳಿಸಲು ಬಂದ ಗುಂಪಿನ ಹಿಂದೆ, ಅಲ್ಲೊಂದು ಕಿಟಕಿ, ಇಲ್ಲೊಂದು ಬಾಗಿಲು. ಕಿಟಕಿಗೆ ಅಡ್ಡ ಸರಳುಗಳಿವೆಯೋ ಇಲ್ಲವೋ, ಮೈ ಕಟ್ಟಿಗೆಯ ಪಟ್ಟಿಯದೋ ಉಕ್ಕಿನ ತಗಡಿನದೋ ಎಂಬುದರಿಂದಲೇ ಕಾಲ ಗೊತ್ತಾಗುತ್ತದೆ. ಅಳತೆ ಬೇಕೆಂದರೆ ಮೈಸೂರಿನ ರೈಲು ಸಂಗ್ರಹಾಲಯ ಇದೆ. ಮಹಾರಾಣಿಯವರ ಸಲೂನ್ ಡಬ್ಬಿ ಅಲ್ಲಿ ನಿಂತಿದೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ಇನ್ನೊಂದಿದೆ. ಇದೇ ಹುಬ್ಬಳ್ಳಿಯ ಕಾರ್ಯಾಗಾರವನ್ನು 1885ರಲ್ಲಿ ಕಟ್ಟಿದ್ದು ನಮ್ಮ ದಾರಿ ಹಾಕಿದ ಸದರ್ನ್ ಮರಾಠಾ ಕಂಪನಿಯೇ.

ಸ್ಟೇಷನ್ನಿನ ಫಲಕ ಮರೆಯಬೇಡಿ. ಬಿಜಾಪುರ ವಿಜಯಪುರವಾದದ್ದು 2014ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಗಾಡಿಗೆ ಹಿಂದಿನ ಹೆಸರೇ ಸರಿ. ಇಂಡಿ ರೋಡ್ ಎಂದರೆ ಇಂಡಿ ಊರಲ್ಲ, ಬಸವನ ಬಾಗೇವಾಡಿ ರೋಡ್ ಎಂದರೆ ಬಸವಣ್ಣನವರ ಊರಿನ ಒಳಗಲ್ಲ, ಅದು ತೆಲಗಿಯಲ್ಲಿದೆ. ಸ್ಟೇಷನ್ನಿನ ಸುತ್ತ ದೊಡ್ಡ ಪೇಟೆ ಕಟ್ಟಿದರೆ ತಪ್ಪಾಗುತ್ತದೆ. ಬದಲಿಗೆ ಹೊರಗೆ ನಾಲ್ಕು ಚಕ್ಕಡಿ, ಒಂದು ಟಾಂಗಾ, ಇಸವಿ ಹತ್ತಿರದ್ದಾದರೆ ಒಂದು ಕೆಂಪು ಬಸ್ಸು ನಿಲ್ಲಿಸಿ.

ಇನ್ನು ಬ್ರಾಡ್‌ಗೇಜ್ ಕಾಲ. ದೇಶಕ್ಕೆಲ್ಲ ಒಂದೇ ಅಳತೆ ಎಂಬ ಯೋಜನೆ 1992ರಲ್ಲಿ ಶುರುವಾದ ಮೇಲೆ ನಮ್ಮ ದಾರಿಯ ಸರದಿಯೂ ಬಂತು. ತುಂಡು ತುಂಡಾಗಿ ಹಳಿ ಅಗಲವಾಯಿತು. ಅದರಿಂದ ಆಟ ಸುಲಭವಾಯಿತು ಎನ್ನುವವರಿದ್ದಾರೆ, ಈಗಿನ ಗಾಡಿಗಳ ಪಟ್ಟಿ ಯಾರಿಗಾದರೂ ಸಿಗುತ್ತದಲ್ಲ ಎಂದು. ಸುಲಭವೇನಲ್ಲ. ಮೈಸೂರಿನಿಂದ ಬಾಗಲಕೋಟೆಗೆ ಬರುವ ಬಸವ ಎಕ್ಸ್‌ಪ್ರೆಸ್ಸನ್ನೇ ತೆಗೆದುಕೊಳ್ಳಿ. ರಾಯಚೂರು, ಕಲಬುರಗಿ ಹಾದು ಸೊಲ್ಲಾಪುರಕ್ಕೆ ಹೋಗಿ, ಅಲ್ಲಿ ಇಂಜಿನ್ ಹಿಂದಿನ ತುದಿಗೆ ಬಂದು, ಇಡೀ ಗಾಡಿ ಬಂದ ಮುಖಕ್ಕೇ ತಿರುಗಿ ವಿಜಯಪುರದತ್ತ ಹೊರಡುವ ಪದ್ಧತಿ ಅದರದ್ದು. ಬೆಂಗಳೂರಿನಲ್ಲಿ ಮುಂದಿದ್ದ ಜನರಲ್ ಡಬ್ಬಿ ಇಂಡಿ ರೋಡಿನಲ್ಲಿ ಕಟ್ಟಕಡೆಗೆ ನಿಂತಿರುತ್ತದೆ. ಬೆಂಗಳೂರಿನ ಪಟ್ಟಿಯನ್ನು ಹಾಗೆಯೇ ನಕಲು ಮಾಡಿದರೆ ಇಂಡಿ ರೋಡಿನ ಗಾಡಿ ತಲೆಕೆಳಗಾಗುತ್ತದೆ. ಐಸಿಎಫ್ ನಮೂನೆಯ ನೀಲಿ ಡಬ್ಬಿಗಳ ಜಾಗಕ್ಕೆ ಎಲ್‌ಎಚ್‌ಬಿ ನಮೂನೆಯ ಕೆಂಪು ಡಬ್ಬಿಗಳು ಬಂದ ಮೇಲೆ ಕೊಂಡಿಯೂ ಬೇರೆ, ಬ್ರೇಕೂ ಬೇರೆ. ಒಂದೇ ಗಾಡಿಯಲ್ಲಿ ಎರಡನ್ನೂ ಮನಸ್ಸಿಗೆ ಬಂದಂತೆ ಬೆರೆಸಿದರೆ ನೋಡಲು ಚಂದ, ನಡೆಯಲು ಆಗದು.

ಸಾಮಾನಿನ ಗಾಡಿಗೂ ಇಸವಿ ಇದೆ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ವಿದ್ಯುತ್ ಸ್ಥಾವರವಿದೆ. 800 ಮೆಗಾವ್ಯಾಟಿನ ಮೂರು ಘಟಕ. ಅದಕ್ಕೆ ಕಲ್ಲಿದ್ದಲು ತರುವ ಉದ್ದನೆಯ ಬಾಕ್ಸ್‌ಎನ್ ವ್ಯಾಗನ್ನುಗಳ ಸಾಲು ಈ ದಾರಿಯ ಇವತ್ತಿನ ಗುರುತು. ಸಾಮಾನ್ಯವಾಗಿ ಒಂದು ಸಾಲಿಗೆ 58 ವ್ಯಾಗನ್. ಈ ದಾರಿ ಜೋಡಿ ಹಳಿಯದಾಗಲು ಆ ಸ್ಥಾವರವೂ ಒಂದು ಕಾರಣ. ಆದರೆ ಅದರ ಮೊದಲ ಘಟಕ ಚಾಲೂ ಆದದ್ದು 2016ರ ಕೊನೆಗೆ. 2008ರ ಆಟದಲ್ಲಿ ಕೂಡಗಿಗೆ ಕಲ್ಲಿದ್ದಲು ಗಾಡಿ ಬಂದರೆ, ಅದನ್ನು ಸುರಿಯುವುದೆಲ್ಲಿ?

ಎಲ್ಲವೂ ಸಾಕ್ಷಿ ಸಮೇತ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ನಾನಾದರೆ ಕಡತಗಳಿಗೆ ಹೆಸರಿಡುವಾಗಲೇ ಗುರುತು ಹಾಕುತ್ತೇನೆ. ಫೋಟೋ ಮತ್ತು ಕಾಗದ ಎರಡೂ ಇರುವ ಜೋಡಣೆ ಒಂದು ಗುಂಪು, ಲೆಕ್ಕ ಹಾಕಿ ತೆಗೆದದ್ದು ಇನ್ನೊಂದು, ಚಂದಕ್ಕೆ ಕಟ್ಟಿದ್ದು ಮಗದೊಂದು. ಮೂರನೆಯದರ ಬಗ್ಗೆ ನಾಚಿಕೆ ಬೇಡ. ಅದನ್ನು ಮೊದಲನೆಯದರ ಪೆಟ್ಟಿಗೆಯಲ್ಲಿ ಇಡದಿದ್ದರೆ ಸಾಕು. ಮತ್ತೆ ಇಸವಿಯ ಮಾತಿಗೆ ಬಂದರೆ, ಟ್ರಾನ್ಸ್‌ಪೋರ್ಟ್ ಟೈಕೂನ್ ಎಂಬ ಆಟ 1994ರಲ್ಲೇ ಇಸವಿಯನ್ನು ಆಟದ ನಿಯಮ ಮಾಡಿತ್ತು. ಇಂತಿಷ್ಟನೆಯ ವರ್ಷ ಬರುವತನಕ ಆ ಇಂಜಿನ್ ಅಂಗಡಿಗೇ ಬರುವುದಿಲ್ಲ. ಒಳ್ಳೆಯ ಶಿಸ್ತು.

ಈಗ ಸಿಂದಗಿಯವರೂ ಮುದ್ದೇಬಿಹಾಳದವರೂ ಕೇಳಬಹುದು, ನಮ್ಮ ತಾಲ್ಲೂಕಿಗೆ ಹಳಿಯೇ ಇಲ್ಲ, ನಮಗೇನು ಇದರಲ್ಲಿ ಎಂದು. ಆಲಮಟ್ಟಿಯಿಂದ ಮುದ್ದೇಬಿಹಾಳದ ಮೇಲೆ ಯಾದಗಿರಿಗೆ, ವಿಜಯಪುರದಿಂದ ಸಿಂದಗಿಯ ಮೇಲೆ ಶಹಾಬಾದಿನ ಕಡೆಗೆ ಹಳಿ ಬೇಕೆಂಬ ಬೇಡಿಕೆ ಎಷ್ಟು ಹಳೆಯದೆಂದು ನಿಮಗೇ ಗೊತ್ತು. ಆಟದಲ್ಲಿ ಅದನ್ನು ಯಾರ ಮಂಜೂರಾತಿಯೂ ಇಲ್ಲದೆ ಹಾಕಬಹುದು. ಹಾಕಿರಿ. ಆದರೆ ಅಲ್ಲಿಗೂ ಇಸವಿಯ ಲೆಕ್ಕ ತಪ್ಪಿದ್ದಲ್ಲ. ಆ ಹಳಿ ಇನ್ನು ಮುಂದೆ ಬರಬೇಕಾದದ್ದು, ಅಂದರೆ ಬ್ರಾಡ್‌ಗೇಜು, ಮೇಲೆ ವಿದ್ಯುತ್ ತಂತಿ. ಮುದ್ದೇಬಿಹಾಳದ ಮೊದಲ ಗಾಡಿಗೆ ವೈಪಿ ಕಟ್ಟಿ ಹೊಗೆ ಬಿಡಿಸುವ ಆಸೆ ನನಗೂ ಇದೆ, ಆದರೆ ಆಗುವುದಿಲ್ಲ. ಅಲ್ಲಿಗೆ ಬರಬೇಕಾದದ್ದು ವಿದ್ಯುತ್ ಇಂಜಿನ್, ಅದರ ಹಿಂದೆ ಎಲ್‌ಎಚ್‌ಬಿ ಡಬ್ಬಿಗಳು. ಜನರಲ್ ಡಬ್ಬಿ ಎಷ್ಟು ಕಟ್ಟಬೇಕು ಎಂಬುದನ್ನು ಮಾತ್ರ ಗೋವಾಕ್ಕೂ ಮುಂಬಯಿಗೂ ದುಡಿಯಲು ಹೋಗುವವರನ್ನು ಕೇಳಿ ತೀರ್ಮಾನಿಸಿ. ನಾಲ್ಕು ಸಾಲುವುದಿಲ್ಲ ಎಂದೇ ಅವರು ಹೇಳುತ್ತಾರೆ.